ಆಸ್ಟ್ರೇಲಿಯಾದ ಕಲೆಯೂ ನನ್ನ ಕಪ್ಪು ಪೆನ್ನೂ

ಲೈಬ್ರರಿಯಲ್ಲಿ ಕೆಲಸ ಅಂದರೆ ಸಾಕು, ಜನ "ನೀವು ಪುಣ್ಯವಂತರು ಮಾರಾಯ್ರೆ, ತಣ್ಣಗೆ ಎ.ಸಿ., ಗಲಾಟೆ ಇಲ್ಲ, ಗದ್ದಲ ಇಲ್ಲ" ಅಂತಾರೆ. ಗಲಾಟೆ ಇಲ್ಲ, ನಿಜ. ಆದರೆ ನಗಬಾರದ ಜಾಗದಲ್ಲೇ ನಗು ಬರುವಂಥದ್ದು ಆಗುವುದು. ಕುವೈತಿನ ಒಂದು ಖಾಸಗಿ ಕಾಲೇಜಿನ ಲೈಬ್ರರಿಯಲ್ಲಿ ಹನ್ನೆರಡು ವರ್ಷ ದುಡಿದೆ. ವಾರಕ್ಕೊಂದಾದರೂ ಇಂಥದ್ದು ಆಗದೆ ಹೋದ ನೆನಪಿಲ್ಲ. ಅದರಲ್ಲೂ ಆಸ್ಟ್ರೇಲಿಯಾದ ಚಿತ್ರಕಲೆಯ ಇತಿಹಾಸದ ಪುಸ್ತಕಗಳು ಬಂದ ಮೇಲೆ ಕೇಳುವುದೇ ಬೇಡ.

ಆ ಪುಸ್ತಕಗಳು ನಮ್ಮಲ್ಲಿಗೆ ಯಾಕೆ ಬಂದವು ಅಂದರೆ, ಕಾಲೇಜಿನ ಮಾಲೀಕನ ಮಗಳು ಆಸ್ಟ್ರೇಲಿಯಾದಲ್ಲಿ ಓದಿ ಬಂದಿದ್ದಳು. ಬರುವಾಗ ಅಲ್ಲಿಯ ಕಲಾ ಇತಿಹಾಸದ ಸಂಶೋಧಕಿಯೊಬ್ಬರನ್ನು ಪಾಠ ಮಾಡಲಿಕ್ಕೆ ಅಂತ ಒಪ್ಪಿಸಿ ಕರೆದುಕೊಂಡೇ ಬಂದಳು. ನಾನು ಅವರನ್ನು ಡಾಕ್ಟರಮ್ಮ ಅಂತಿದ್ದೆ. ಡಾಕ್ಟರಮ್ಮ ವಿಮಾನದಲ್ಲಿ ಬಂದರು, ಅವರ ಪುಸ್ತಕಗಳು ಹಡಗಿನಲ್ಲಿ ಬಂದವು.

ನನ್ನ ಕೆಲಸ ಏನು ಅಂತಲೂ ಹೇಳಿಬಿಡುತ್ತೇನೆ. ಬಂದ ಪ್ರತಿ ಪುಸ್ತಕದ ಪ್ರತಿ ಪುಟ ತಿರುವಬೇಕು. ಮೈಮೇಲೆ ಬಟ್ಟೆ ಇಲ್ಲದವರ ಚಿತ್ರ ಕಂಡರೆ ದಪ್ಪ ಕಪ್ಪು ಪೆನ್ನಿನಿಂದ ಮುಚ್ಚಬೇಕು. ಇದು ಮಾಲೀಕನೇ ಮಾಡಿದ ನಿಯಮ. ನಮ್ಮ ಮುದೀರ್, ಅಂದರೆ ಲೈಬ್ರರಿಯ ಮುಖ್ಯಸ್ಥ, ಈಜಿಪ್ಟಿನ ದೊಡ್ಡ ಹೊಟ್ಟೆಯ ಮನುಷ್ಯ, ಪಕ್ಕದಲ್ಲಿ ನಿಂತು ಪರೀಕ್ಷಿಸಿ ಸಹಿ ಹಾಕುತ್ತಿದ್ದ. ಆಸ್ಟ್ರೇಲಿಯಾದ ಕಲಾವಿದರಿಗೋ ಸಮುದ್ರ ತೀರ ಅಂದರೆ ಪ್ರಾಣ. ಒಬ್ಬೊಬ್ಬರೂ ಹತ್ತು ಹತ್ತು ಜನರನ್ನು ಸ್ನಾನಕ್ಕೆ ಇಳಿಸಿದ್ದರು. ಅವರಿಗೆಲ್ಲ ಬಟ್ಟೆ ತೊಡಿಸಿ ತೊಡಿಸಿ ನನ್ನ ಹೆಬ್ಬೆರಳು, ತೋರುಬೆರಳು ಪರ್ಮನೆಂಟಾಗಿ ಕಪ್ಪಾದವು.

೧. ನಲವತ್ತೆರಡು ತಲೆ

ಮೊದಲ ಬಾರಿಗೆ ಪುಸ್ತಕ ಬಂದಾಗ ಬಂದರಿನಿಂದ ಬಿಡಿಸಿಕೊಂಡು ಬರಲು ಹೋದದ್ದು ನಾನು ಮತ್ತು ನಮ್ಮ ಮಂದೂಬ್. ಮಂದೂಬ್ ಅಂದರೆ ಕಾಲೇಜಿನ ಕಾಗದಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡುವವ. ನಮ್ಮವ ಮೊದಲು ಹದಿನೈದು ವರ್ಷ ಕುರಿ ತರಿಸುವ ವ್ಯಾಪಾರಿಯ ಬಳಿ ಇದ್ದ. ಕುವೈತಿನಲ್ಲಿ ಆಸ್ಟ್ರೇಲಿಯಾ ಅಂದರೆ ಕುರಿ. ಕಸಾಯಿ ಅಂಗಡಿಗೆ ಹೋಗಿ "ಆಸ್ಟ್ರೇಲಿ" ಅಂದರೆ ಕೇಜಿ ಎಷ್ಟು ಅಂತ ಕೇಳ್ತಾರೆ, ಯಾವ ಊರು ಅಂತ ಕೇಳುವುದಿಲ್ಲ.

ಮಂದೂಬ್ ಅಭ್ಯಾಸಬಲದಿಂದ ಜಾನುವಾರಿನ ಫಾರ್ಮನ್ನೇ ತುಂಬಿಸಿ ತಂದಿದ್ದ. ಅದು ಗೊತ್ತಾದದ್ದು ಕೌಂಟರಿನಲ್ಲಿ ಕೂತ ಆಫೀಸರ್ ಗಟ್ಟಿಯಾಗಿ ಓದಿದಾಗ. "ಒಟ್ಟು ತಲೆ: ನಲವತ್ತೆರಡು. ದಾರಿಯಲ್ಲಿ ಸತ್ತವು: ಇಲ್ಲ. ಆರೋಗ್ಯ: ಉತ್ತಮ. ಮೇವು: ಒಣ ಹುಲ್ಲು." ಓದಿ ಮುಗಿಸಿ ಆತ ಕಿಟಕಿಯಿಂದ ಹೊರಗೆ ನೋಡಿದ. ನಲವತ್ತೆರಡು ಮರದ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು, ಒಂದೂ ಮಿಸುಕಾಡುತ್ತಿರಲಿಲ್ಲ.

"ಇದರಲ್ಲಿ ಏನುಂಟು?" ಅಂತ ಕೇಳಿದ.

"ಆಸ್ಟ್ರೇಲಿಯಾದಿಂದ ಬಂದದ್ದು" ಅಂದ ಮಂದೂಬ್, ಅದಕ್ಕಿಂತ ಹೆಚ್ಚು ವಿವರಣೆ ಯಾಕೆ ಬೇಕು ಎನ್ನುವ ಹಾಗೆ.

ನಾನು ನಡುವೆ ಬಾಯಿ ಹಾಕಿ, ಇವು ಪುಸ್ತಕ, ಚಿತ್ರಕಲೆಯ ಇತಿಹಾಸ ಅಂತ ಹೇಳಿದೆ. ಆಫೀಸರ್ ನಂಬಲಿಲ್ಲ. ಮಂದೂಬನೂ ನಂಬಲಿಲ್ಲ! "ನೀನು ಸುಮ್ಮನಿರು ಭಾಯಿ, ಹದಿನೈದು ವರ್ಷದ ಅನುಭವ" ಅಂತ ನನ್ನನ್ನು ಹಿಂದೆ ತಳ್ಳಿದ. ಕೊನೆಗೆ ಒಂದು ಪೆಟ್ಟಿಗೆ ಒಡೆಸಿದರು. ಮೇಲುಗಡೆ ಇದ್ದ ದಪ್ಪ ಪುಸ್ತಕದ ಹೊದಿಕೆಯ ತುಂಬ ದೊಡ್ಡ ವರ್ಣಚಿತ್ರ: ಒಂದು ಬೆಟ್ಟ, ಬೆಟ್ಟದ ತುಂಬ ಕುರಿಗಳು.

ಮಂದೂಬ್ ಅದರ ಮೇಲೆ ಬೆರಳಿಟ್ಟು ಆಫೀಸರಿಗೆ ಹೇಳಿದ: "ನೋಡಿ. ನಾನು ಸುಳ್ಳು ಹೇಳ್ತೇನಾ?"

೨. ಮಾವ ಓದಿಸಿದ ಚೀಟಿ

ಈಗ ನನ್ನ ಮಾವನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮಾವ ಅಂದರೆ ಹೆಂಡತಿಯ ಅಪ್ಪ, ಉಡುಪಿ ಕಡೆಯ ನಿವೃತ್ತ ಹೆಡ್‌ಮಾಸ್ತರರು. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಮದುವೆಯ ಕರೆಯೋಲೆಯಲ್ಲೇ ನಾಲ್ಕು ತಪ್ಪು ತಿದ್ದಿ ವಾಪಸು ಕೊಟ್ಟವರು. ಮಗಳು ಕುವೈತಿನ ಜಹ್ರಾದ ಆಸ್ಪತ್ರೆಯಲ್ಲಿ ನರ್ಸ್, ಅಳಿಯ ಪಿಯುಸಿ ಎರಡು ಸಲ ಫೇಲ್. ಹುಡುಗ ಕುವೈತಿನಲ್ಲಿ ಲೈಬ್ರರಿಯಲ್ಲಿದ್ದಾನೆ ಎನ್ನುವ ಒಂದೇ ಮಾತಿಗೆ ಅವರು ಮಗಳನ್ನು ಕೊಟ್ಟದ್ದು. "ಪುಸ್ತಕದ ನಡುವೆ ಇರುವವನಿಗೆ ಬುದ್ಧಿ ಇಂದಲ್ಲ ನಾಳೆ ಬಂದೀತು" ಅಂದಿದ್ದರಂತೆ.

ನನಗೋ ಆ ಮಾತೇ ಬಂಡವಾಳ. ಮಾವ ಒಂದು ಸಲ ನನ್ನನ್ನು ನೋಡಿ "ಭೇಷ್" ಅಂದರೆ ಸಾಕು ಅಂತ ಜೀವ ಬಿಡುತ್ತಿದ್ದೆ. ಆದರೆ ಒಂದು ಗುಟ್ಟಿತ್ತು. ಕಾಲೇಜಿನ ಮಾಲೀಕನೇ ನನ್ನ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ. ನಾನು ಬರುವ ಹೊತ್ತಿಗೆ ಅವನ ಬಳಿ ಉಳಿದಿದ್ದದ್ದು ಒಂದೇ ಒಂದು ವೀಸಾ, ಟ್ರಾಕ್ಟರ್ ಡ್ರೈವರನದ್ದು. "ಹೆಸರಿನಲ್ಲಿ ಏನುಂಟು? ಯಲ್ಲಾ, ಬಾ" ಅಂದಿದ್ದ ಮಂದೂಬ್. ಹಾಗಾಗಿ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಇಕಾಮಾ, ಅಂದರೆ ವಾಸದ ಪರವಾನಗಿಯ ಚೀಟಿಯಲ್ಲಿ ನಾನು ಟ್ರಾಕ್ಟರ್ ಡ್ರೈವರ್. ಬರೆದದ್ದು ಅರಬಿಯಲ್ಲಿ, ಓದುವವರು ಯಾರು ಅಂತ ನಾನು ನಿಶ್ಚಿಂತೆಯಿಂದಿದ್ದೆ.

ಮೊದಲ ಬಾಣಂತನಕ್ಕೆ ಅತ್ತೆ ಮಾವ ಬಂದರು. ಹವಲ್ಲಿಯ ನಮ್ಮ ಫ್ಲಾಟಿನಲ್ಲಿ ಮಾವನಿಗೆ ಹೊತ್ತು ಹೋಗುವುದಿಲ್ಲ. ಕೈಗೆ ಸಿಕ್ಕಿದ ಅಕ್ಷರವನ್ನೆಲ್ಲ ಓದುವ ಚಟ. ಹಾಲಿನ ಪ್ಯಾಕೆಟ್ಟು, ಲಿಫ್ಟಿನ ಬೋರ್ಡು ಎಲ್ಲ ಮುಗಿಯಿತು, ನನ್ನ ಪಾಸ್‌ಪೋರ್ಟಿಗೆ ಬಂದರು. ಒಂದು ಚೀಟಿ ಮಾತ್ರ ಓದಲಾಗಲಿಲ್ಲ. ಓದಲಾಗದ್ದನ್ನು ಬಿಡುವ ಜನವಾ ಅವರು? ನೇರ ಕೆಳಗಿನ ದಿನಸಿ ಅಂಗಡಿಯ ಅರಬಿ ಬಲ್ಲ ಬ್ಯಾರಿಯ ಹತ್ತಿರ ಹೋಗಿ ಓದಿಸಿದರು.

ಸಂಜೆ ನಾನು ಮನೆಗೆ ಬಂದಾಗ ಮಾವ ಸೋಫಾದಲ್ಲಿ ನೆಟ್ಟಗೆ ಕೂತಿದ್ದರು. "ಅಳಿಯಂದಿರೇ, ಇವತ್ತು ಲೈಬ್ರರಿಯಲ್ಲಿ ಏನು ವಿಶೇಷ?"

"ಆಸ್ಟ್ರೇಲಿಯಾದ ಚಿತ್ರಕಲೆ ಮಾವ. ನೂರಾರು ಪುಸ್ತಕ."

"ಕೈ ತೋರಿಸಿ."

ತೋರಿಸಿದೆ. ಬೆರಳೆಲ್ಲ ಕಪ್ಪು. ಮಾವ ಅತ್ತೆಯ ಕಡೆ ತಿರುಗಿ ಬಹಳ ಮೆಲ್ಲಗೆ ಹೇಳಿದರು: "ಗ್ರೀಸ್."

ನಾನು ಇದ್ದ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಬಟ್ಟೆಯಿಲ್ಲದ ಚಿತ್ರಗಳಿಗೆ ಬಣ್ಣ ಹಚ್ಚುವುದು ನನ್ನ ಕೆಲಸ ಅಂದೆ. ಅದು ಟ್ರಾಕ್ಟರಿಗಿಂತ ಕೆಟ್ಟದಾಗಿ ಕೇಳಿಸಿತು. ಕಾಲೇಜಿಗೇ ಕರೆದುಕೊಂಡು ಹೋಗಿ ತೋರಿಸೋಣ ಅಂದರೆ ಹೊರಗಿನವರಿಗೆ ಪಾಸ್ ಬೇಕು. ಪಾಸ್ ಬರೆಯುವವ ಮಂದೂಬ್. ಬರೆದು ಕೊಟ್ಟ ಕೂಡ, ಇಂಗ್ಲಿಷಿನಲ್ಲಿ, ದಾಖಲೆಯಲ್ಲಿ ಇದ್ದ ಹಾಗೆ: "ಸಂದರ್ಶಕರು: ಟ್ರಾಕ್ಟರ್ ಡ್ರೈವರನ ಮಾವ." ಮಾವನ ಕಣ್ಣಿಗೆ ಬೀಳುವ ಮೊದಲೇ ನಾನು ಅದನ್ನು ಹರಿದೆ, ಬಾಯಿಗೆ ಹಾಕಿಕೊಳ್ಳುವುದೊಂದು ಬಾಕಿ.

೩. ನಿಷೇಧಕ್ಕೊಳಗಾದ ಅಡಿಟಿಪ್ಪಣಿ

ಕಪ್ಪು ಪೆನ್ನಿಗೆ ಒಂದು ದುರ್ಗುಣ ಉಂಟು. ಒತ್ತಿ ಹಿಡಿದರೆ ಶಾಯಿ ಹಾಳೆಯ ಹಿಂಬದಿಗೂ ಇಳಿಯುತ್ತದೆ. ಹಿಂದಿನ ಪುಟದಲ್ಲಿ ಏನಿದೆಯೋ ಅದೂ ಹೋಯಿತು.

ಒಮ್ಮೆ ಆಸ್ಟ್ರೇಲಿಯಾದಿಂದ ಇನ್ನೊಬ್ಬ ಸಂಶೋಧಕರು ಒಂದು ಉಪನ್ಯಾಸಕ್ಕೆ ಬಂದರು. ಉದ್ದ ಗಡ್ಡ, ಸಣ್ಣ ಕನ್ನಡಕ. ಅವರಿಗೂ ಡಾಕ್ಟರಮ್ಮನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರ ಪುಸ್ತಕದಲ್ಲಿ ಇವರು ತಪ್ಪು ಹುಡುಕುವುದು, ಇವರ ಪುಸ್ತಕದಲ್ಲಿ ಅವರು ಹುಡುಕುವುದು, ಹೀಗೆ ಇಬ್ಬರೂ ಮೂರು ಮೂರು ಪುಸ್ತಕ ಬರೆದಿದ್ದರು. ಗಡ್ಡದವರು ಲೈಬ್ರರಿಗೆ ಬಂದವರೇ ಮೊದಲು ಕೇಳಿದ್ದು ತಮ್ಮದೇ ಪುಸ್ತಕ. ಸಂಶೋಧಕರು ಎಲ್ಲರೂ ಹಾಗೆಯೇ, ಯಾವ ಊರಿನವರಾದರೂ.

ಪುಟ ತಿರುವುತ್ತಾ ತಿರುವುತ್ತಾ ಒಂದು ಕಡೆ ನಿಂತರು. ಹದಿನಾಲ್ಕನೇ ಅಡಿಟಿಪ್ಪಣಿ ಇರಬೇಕಾದ ಜಾಗದಲ್ಲಿ ಒಂದು ದೊಡ್ಡ ಕಪ್ಪು ಮಚ್ಚೆ. ಹಿಂದಿನ ಪುಟದಲ್ಲಿ ಒಬ್ಬಾಕೆ ಸ್ನಾನ ಮಾಡುತ್ತಿದ್ದಳು, ನಾನು ಅವಳಿಗೆ ಉಡಿಸಿದ ಶಾಯಿಯ ಸೀರೆ ಇಲ್ಲಿಗೆ ಇಳಿದಿತ್ತು.

"ಇದನ್ನು ಮಾಡಿದ್ದು ಯಾರು?"

ನಾನು ಪೆನ್ನನ್ನು ಬೆನ್ನ ಹಿಂದೆ ಅಡಗಿಸಿದೆ. "ನಾನು ಸರ್. ನಿಯಮ ಸರ್. ಅದು ಶಾಯಿ..."

ಅವರು ಕೈ ಎತ್ತಿ ತಡೆದರು. "ಹೇಳಬೇಡಿ. ನಿಮಗೆ ತೊಂದರೆಯಾದೀತು." ಅವರ ಕಣ್ಣಲ್ಲಿ ನೀರು! ಆ ಟಿಪ್ಪಣಿಯಲ್ಲಿ ಇದ್ದದ್ದು ಏನು ಅಂತ ನಂತರ ಡಾಕ್ಟರಮ್ಮ ನನಗೆ ಹೇಳಿದರು: ಒಂದು ಚಿತ್ರದ ಚೌಕಟ್ಟು ಮಾಡಿದ ಬಡಗಿಯ ಅಂಗಡಿ ಯಾವ ಬೀದಿಯಲ್ಲಿತ್ತು ಎಂಬ ವಿಷಯ. ಅಷ್ಟೇ. ಆದರೆ ಗಡ್ಡದವರು ಆ ಮಚ್ಚೆಯ ಹತ್ತು ಫೋಟೋ ತೆಗೆದರು, ಸಂಜೆಯ ಉಪನ್ಯಾಸದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿದರು, "ನನ್ನ ಮಾತಿಗೆ ಹೆದರುವವರು ಇದ್ದಾರೆ" ಅಂದರು. ಮುಂದಿನ ದಿನಗಳಲ್ಲಿ ಅವರ ಪರಿಚಯಪತ್ರದಲ್ಲೂ ಅದು ಸೇರಿತಂತೆ, ಕೃತಿ ನಿಷೇಧಕ್ಕೊಳಗಾದ ವಿದ್ವಾಂಸರು ಅಂತ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ತಮ್ಮ ಪುಸ್ತಕ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದರು. ರಾತ್ರಿ ನಿದ್ರೆ ಮಾಡಿದ ಹಾಗೆ ಕಾಣಲಿಲ್ಲ.

"ನೋಡಿ" ಅಂದರು, "ಇದರಲ್ಲಿ ಆರುನೂರ ಹನ್ನೆರಡು ಅಡಿಟಿಪ್ಪಣಿ ಉಂಟು. ಮುಚ್ಚಿಹಾಕುವ ಯೋಗ್ಯತೆ ಇರುವಂಥದ್ದು ಒಂದೂ ಇಲ್ಲವಾ?"

೪. ಗೂಡಿನ ಬಾಗಿಲು

ಡಾಕ್ಟರಮ್ಮ ಹನ್ನೆರಡು ವರ್ಷದಿಂದ ಬರೆಯುತ್ತಿದ್ದದ್ದು ಒಂದೇ ಒಂದು ಚಿತ್ರದ ಬಗ್ಗೆ. ಯಾವನೋ ತೀರಿಹೋದ ಕಲಾವಿದ ಬಿಡಿಸಿದ ಒಂದು ರೈತನ ಅಂಗಳ. ಮನೆ, ಬೇಲಿ, ನಾಲ್ಕು ಮರ, ಕೋಳಿಗೂಡು. ಅದು ಬೆಳಿಗ್ಗೆಯೋ ಸಂಜೆಯೋ ಎನ್ನುವುದೇ ಜಗಳ. ಡಾಕ್ಟರಮ್ಮ ಸಂಜೆ ಅಂತಾರೆ, ಗಡ್ಡದವರು ಬೆಳಿಗ್ಗೆ ಅಂತಾರೆ. ಬಣ್ಣ ಕೆರೆದು ಪರೀಕ್ಷೆ ಮಾಡಿಸಿದ್ದರು, ನೆರಳಿನ ಕೋನ ಅಳೆಸಿದ್ದರು. ಸಂಜೆ ಅಂತ ಸಾಬೀತಾಗದಿದ್ದರೆ ತಮ್ಮ ಪುಸ್ತಕದ ಮೂರು ಅಧ್ಯಾಯ ನೀರುಪಾಲು ಅಂತ ಡಾಕ್ಟರಮ್ಮ ಒಂದು ದಿನ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದರು. ಎದುರಿಗೆ ಚಿತ್ರದ ದೊಡ್ಡ ಪ್ರತಿ.

ನನಗೆ ಕನಿಕರ ಬಂತು. ಚಾ ತಂದಿಟ್ಟು, ಚಿತ್ರದ ಕಡೆ ಬಗ್ಗಿ ನೋಡಿದೆ. ಪುಸ್ತಕ ಓದುವ ಅಭ್ಯಾಸ ನನಗಿಲ್ಲ, ಆದರೆ ಚಿತ್ರ ನೋಡಿ ನೋಡಿ ಕಣ್ಣು ಮಾತ್ರ ಚುರುಕಾಗಿತ್ತು.

"ಮೇಡಂ, ಇದು ಸಂಜೆಯೇ" ಅಂದೆ.

"ಹೇಗೆ?"

"ಕೋಳಿ ನೋಡಿ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಶಾಲೆ ಬಿಟ್ಟ ಮಕ್ಕಳ ಹಾಗೆ ಒಟ್ಟಿಗೆ ಹೊರಗೆ ಹಾರ್ತವೆ. ಸಂಜೆ ಆದರೆ ಒಂದೊಂದೇ, ಸಾಲಾಗಿ, ಬಾಗಿಲಲ್ಲಿ ನಿಂತು ಕುತ್ತಿಗೆ ಚಾಚಿ ನೋಡಿ ಒಳಗೆ ಹೋಗುವುದು. ಇಲ್ಲಿ ಸಾಲು ಉಂಟು, ಒಂದರ ಕುತ್ತಿಗೆ ಒಳಗುಂಟು, ಹುಂಜ ಎಲ್ಲರಿಗಿಂತ ಹಿಂದೆ ನಿಂತಿದೆ. ನಮ್ಮ ಅಮ್ಮನಿಗೆ ತೋರಿಸಿದ್ದರೆ ದೂರದಿಂದಲೇ ಹೇಳ್ತಿದ್ದರು."

ಡಾಕ್ಟರಮ್ಮ ಎದ್ದು ನಿಂತರು. ಹನ್ನೆರಡು ವರ್ಷ ಆಕಾಶವನ್ನೇ ನೋಡಿದ್ದರಂತೆ, ಕೋಳಿಯನ್ನು ಯಾರೂ ನೋಡಿರಲಿಲ್ಲವಂತೆ. ನನ್ನ ಎರಡೂ ಕೈ ಹಿಡಿದು ಕುಲುಕಿ, "ನಿಮ್ಮ ಹೆಸರು ನನ್ನ ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಅಚ್ಚಾಗುತ್ತದೆ, ನಾನು ಮಾತು ಕೊಡುತ್ತೇನೆ" ಅಂದರು.

ಆ ಕ್ಷಣ ನನಗೆ ಮಾವನ ಮುಖ ಕಂಡಿತು, ಸತ್ಯ ಹೇಳ್ತೇನೆ. ಅಚ್ಚಾದ ಪುಸ್ತಕದಲ್ಲಿ ಅಳಿಯನ ಹೆಸರು! ಅದನ್ನು ಅವರ ಕೈಗೆ ಕೊಟ್ಟರೆ ಮುಗಿಯಿತು, ಟ್ರಾಕ್ಟರು ಹೋಗಿ ಗುಜರಿ ಸೇರಿದ ಹಾಗೆಯೇ. ಅಂದೇ ಊರಿಗೆ ಫೋನು ಮಾಡಿ ಹೇಳಿದೆ. ಮಾವ "ಹೂಂ, ಬರಲಿ. ಬಂದ ಮೇಲೆ ನೋಡುವ" ಅಂದರು.

ನನ್ನ ನಾಲ್ಕು ವಾಕ್ಯ ಡಾಕ್ಟರಮ್ಮನ ಕೈಯಲ್ಲಿ ಹನ್ನೊಂದು ಪುಟದ ಅಧ್ಯಾಯವಾಯಿತು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ "ಮಿತಿ ಮತ್ತು ಮರಳುವಿಕೆ: ವಸಾಹತು ಅಂಗಳದಲ್ಲಿ ಕುಕ್ಕುಟ ಚಲನೆಯ ರಾಜಕೀಯ". ಕರಡು ಪ್ರತಿ ನನಗೂ ಓದಲು ಕೊಟ್ಟರು. ಮೂರು ದಿನ ಹಿಡಿದು ಪೂರ್ತಿ ಓದಿದೆ. ಓದಿ ಮುಗಿಸಿದ ಮೇಲೆ ನನಗೇ ಸಂಶಯ, ಅದು ಬೆಳಿಗ್ಗೆಯೇ ಇರಬೇಕು.

೫. ಎರಡು ಪ್ರತಿ

ಡಾಕ್ಟರಮ್ಮ ಒಪ್ಪಂದ ಮುಗಿಸಿ ತಮ್ಮ ದೇಶಕ್ಕೆ ಹೋದರು. ಹೋದ ಮೇಲೆ ಕಾಲೇಜಿಗೆ ಒಂದು ಕಾಗದ ಬಂತು: ಸಹಾಯ ಮಾಡಿದವರ ಹೆಸರು, ಹುದ್ದೆ ಸರಿಯಾಗಿ ಬರೆದು ಕಳುಹಿಸಿ, ಪುಸ್ತಕದಲ್ಲಿ ತಪ್ಪಾಗಬಾರದು. ಪಟ್ಟಿ ಮಾಡಿ ಕಳುಹಿಸುವ ಕೆಲಸ ಮಂದೂಬನಿಗೆ ಬಿತ್ತು. "ನಿನ್ನ ಹೆಸರು ಅಕ್ಷರ ಅಕ್ಷರ ಸರಿಯಾಗಿ ಹಾಕಿದ್ದೇನೆ, ಖಲಾಸ್" ಅಂದ. ನಾನು ಅವನಿಗೆ ಒಂದು ಶವರ್ಮಾ ಕೊಡಿಸಿದೆ. ಕತ್ತೆ ನಾನು, ಹುದ್ದೆಯ ವಿಷಯ ಕೇಳಲೇ ಇಲ್ಲ.

ವರ್ಷ ದಾಟಿತು. ಎರಡನೇ ಬಾಣಂತನಕ್ಕೆ ಅತ್ತೆ ಮಾವ ಮತ್ತೆ ಬಂದರು. ಮಾವ ಬಂದ ಮೂರನೇ ದಿನವೇ ಲೈಬ್ರರಿಗೆ ಪಾರ್ಸೆಲ್ ಬಂತು. ಒಳಗೆ ಎರಡೇ ಪ್ರತಿ. ಒಂದು ಲೈಬ್ರರಿಗೆ, ಇನ್ನೊಂದು ನನಗೆ. ಪುಸ್ತಕ ದುಬಾರಿ, ಅಚ್ಚಾದದ್ದೇ ಕೆಲವು ನೂರು, ಇದಕ್ಕಿಂತ ಹೆಚ್ಚು ಕಳುಹಿಸಲು ಆಗಲಿಲ್ಲ, ಕ್ಷಮಿಸಿ ಅಂತ ಡಾಕ್ಟರಮ್ಮ ಚೀಟಿ ಇಟ್ಟಿದ್ದರು. ನಾನು ಮನೆಗೆ ಫೋನು ಮಾಡಿ, "ಮಾವನಿಗೆ ಹೇಳು, ಕನ್ನಡಕ ಒರೆಸಿ ಇಟ್ಟುಕೊಳ್ಳಲಿ" ಅಂದೆ.

ಕೃತಜ್ಞತೆಯ ಪುಟ ಹುಡುಕಬೇಕು ಅಂತ ಕೈ ಹಾಕಿದೆನೋ ಇಲ್ಲವೋ, ಪಕ್ಕದಲ್ಲಿ ಮುದೀರ್. "ಮೊದಲು ನಿಯಮ, ಆಮೇಲೆ ಓದು. ಎರಡೂ ಪ್ರತಿ" ಅಂದ. ಸರಿ, ತೆರೆದೆ. ಮೊದಲ ಹಾಳೆಯಲ್ಲೇ ಪುಟದ ಕೆಳಗಡೆ ಪುಟ್ಟದಾಗಿ ಒಬ್ಬಾಕೆ ತೊರೆಯಲ್ಲಿ ಮೀಯುತ್ತಿದ್ದಾಳೆ! ಇಷ್ಟು ವರ್ಷ ಇಲ್ಲಿದ್ದು ಡಾಕ್ಟರಮ್ಮನಿಗೆ ಅಷ್ಟೂ ಬುದ್ಧಿ ಬೇಡವಾ ಅಂತ ಸಿಟ್ಟು ಬಂತು. ಅವತ್ತೇ ಹೊಸ ಪೆನ್ನು ಬಂದಿತ್ತು, ಶಾಯಿ ಧಾರಾಳ. ನನಗೋ ಬೇಗ ಮುಗಿಸುವ ಆತುರ. ಒತ್ತಿ ಹಿಡಿದು ಎರಡೂ ಪ್ರತಿಯಲ್ಲಿ ಆ ಹೆಂಗಸನ್ನು ತಲೆಯಿಂದ ಕಾಲಿನವರೆಗೆ ಮುಚ್ಚಿದೆ. ಮುದೀರ್ ಖುಷಿಯಾಗಿ ಸಹಿ ಹಾಕಿದ. "ಇಷ್ಟು ಚೆಂದ ನೀನು ಯಾವತ್ತೂ ಮಾಡಿದ್ದಿಲ್ಲ" ಅಂದ.

ಆಮೇಲೆ ಹಾಳೆ ಮಗುಚಿದೆ. ಹಿಂಬದಿಯಲ್ಲೇ ಕೃತಜ್ಞತೆ.

ಎರಡನೇ ಪ್ರತಿ ಮಗುಚಿದೆ, ಅದೂ ಹಾಗೆಯೇ. ಮಾಲೀಕನ ಮಗಳ ಹೆಸರು ಉಂಟು. ಮುದೀರನ ಹೆಸರು ಉಂಟು. ಮಂದೂಬನ ಹೆಸರೂ ಉಂಟು, ಅವನೆಂತ ಸಹಾಯ ಮಾಡಿದ್ದೋ ದೇವರಿಗೇ ಗೊತ್ತು. ಕೊನೆಯ ಸಾಲಿನಲ್ಲಿ ನನ್ನ ಹೆಸರು ಇರಬೇಕಾದ ಜಾಗಕ್ಕೆ ಸರಿಯಾಗಿ, ಒಂದಂಗುಲ ಆಚೆಯಿಲ್ಲ ಈಚೆಯಿಲ್ಲ, ಕಪ್ಪು ಇಳಿದಿತ್ತು. ಹನ್ನೆರಡು ವರ್ಷ ಲೋಕದ ಮಾನ ಮುಚ್ಚಿದವನು ಕೊನೆಗೆ ನನ್ನನ್ನೇ ಮುಚ್ಚಿಕೊಂಡಿದ್ದೆ. ಅಳು ಬಂತು, ಸುಳ್ಳಲ್ಲ. ಆ ಕಪ್ಪಿನ ಪಕ್ಕದಲ್ಲಿ ಉಳಿದಿದ್ದನ್ನು ಓದಿದ ಮೇಲೆ ಅಳುವೂ ನಿಂತುಹೋಯಿತು.

ಮನೆಯಲ್ಲಿ ಮಾವ ಕನ್ನಡಕ ಒರೆಸಿ, ಬಿಳಿ ಶರಟು ಹಾಕಿ ಕೂತಿದ್ದರು. ತರಲಿಲ್ಲ ಅಂತ ಸುಳ್ಳು ಹೇಳೋಣ ಅಂದರೆ ಹೆಂಡತಿ ಅಷ್ಟರಲ್ಲಿ ಚೀಲದಿಂದ ತೆಗೆದೇ ಬಿಟ್ಟಿದ್ದಳು. ಮಾವ ಎರಡೂ ಕೈಯಲ್ಲಿ ತೆಗೆದುಕೊಂಡು, ಪುಟ ಹುಡುಕಿ, ಬೆರಳಿಟ್ಟು, ಕ್ಲಾಸಿನಲ್ಲಿ ಓದುವ ಹಾಗೆ ಗಟ್ಟಿಯಾಗಿ ಇಂಗ್ಲಿಷನ್ನು ಕನ್ನಡ ಮಾಡುತ್ತಾ ಓದಿದರು:

"ಕೊನೆಯದಾಗಿ, ಕುವೈತಿನ ಶ್ರೀ... ಇಲ್ಲಿ ಮಸಿ ಬಿದ್ದಿದೆ... ಟ್ರಾಕ್ಟರ್ ಡ್ರೈವರ್. ಕೋಳಿಗಳ ಕುರಿತು ಇವರಿಗಿರುವ ಆಳವಾದ ಜ್ಞಾನಕ್ಕೆ ನಾನು ಎಂದೆಂದಿಗೂ ಋಣಿ."

ಹೆಂಡತಿ ಹೆರಿಗೆಯ ಹೊಲಿಗೆ ನೋಯುತ್ತದೆ ಅಂತ ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಒಳಗೆ ಓಡಿದಳು. ಅತ್ತೆ ಸೆರಗು ಬಾಯಿಗೆ ಹಿಡಿದರು. ಮಾವ ಮಾತ್ರ ನಗಲಿಲ್ಲ. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಮಸಿಯನ್ನು ನೋಡಿದರು, ಆಮೇಲೆ ನನ್ನ ಕಪ್ಪು ಬೆರಳನ್ನು ನೋಡಿದರು. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಎದ್ದು ಬಂದು, ಮದುವೆಯಾದ ಮೇಲೆ ಮೊದಲ ಬಾರಿಗೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಹೆಸರಿಗೆ ಮಸಿ ಬಳಿದು ಅಡಗಿಸುವಷ್ಟು ನಾಚಿಕೆ ಯಾಕೆ ಅಳಿಯಂದಿರೇ? ಟ್ರಾಕ್ಟರ್ ಓಡಿಸುವುದೂ ಮಾನದ ಕೆಲಸವೇ. ಜತೆಗೆ ಕೋಳಿಯನ್ನೂ ಸಾಕಿದ್ದೀರಿ, ಪರದೇಶದವರೂ ಮೆಚ್ಚಿದ್ದಾರೆ. ಭೇಷ್. ನನಗೆ ಒಂದೇ ಒಂದು ಸಂಶಯ, ಬೇಸರ ಮಾಡಬೇಡಿ..."

"ಕೇಳಿ ಮಾವ."

"ಈ ಮರಳಿನಲ್ಲಿ ಹನ್ನೆರಡು ವರ್ಷದಿಂದ ನೀವು ಉಳ್ತಾ ಇರುವುದು ಎಂತದನ್ನು?"